ಒಂದು ಬ್ರಾಕೆಟ್, ಮೂರು ನೋಟ: ಆರ್ಥೋಗ್ರಾಫಿಕ್ ಪ್ರೊಜೆಕ್ಷನ್ ಕಲಿಯುವ ದಾರಿ

ಕಾಫಿ ಕೊಯ್ಲು ಹತ್ತಿರ ಬಂತೆಂದರೆ ಕುಶಾಲನಗರ, ಗೋಣಿಕೊಪ್ಪದ ಲೇತ್ ಅಂಗಡಿಗಳಲ್ಲಿ ಕೆಲಸ ಜಾಸ್ತಿ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ರಿಪೇರಿ, ಮೋಟಾರ್ ಸ್ಟ್ಯಾಂಡ್, ಪಂಪಿನ ಬುಷ್, ಹೀಗೆ ಒಂದಲ್ಲ ಒಂದು. ತೋಟದವರು ಮುರಿದ ತುಂಡನ್ನು ಗೋಣಿಚೀಲದಲ್ಲಿ ಸುತ್ತಿ ತರುತ್ತಾರೆ. "ಅಣ್ಣ, ಇದೇ ತರ ಇನ್ನೊಂದು ಬೇಕು" ಅಂದರೆ ಮುಗಿಯಿತು. ಆದರೆ ತುಂಡೇ ಇಲ್ಲದಿದ್ದರೆ? ಇಲ್ಲಿಯವರೆಗೆ ಎಲ್ಲೂ ಇರದ ಒಂದು ಭಾಗವನ್ನು ಹೊಸದಾಗಿ ಮಾಡಿಸಬೇಕಾದರೆ? ಆಗ ಕಾಗದದ ಮೇಲೆ ಗೆರೆಗಳಲ್ಲೇ ಹೇಳಬೇಕು. ಮೊಬೈಲ್ ಫೋಟೋ ಸಾಕಾಗುವುದಿಲ್ಲ. ಫೋಟೋದಲ್ಲಿ ಹತ್ತಿರದ ಅಂಚು ದೊಡ್ಡದಾಗಿ, ದೂರದ ಅಂಚು ಚಿಕ್ಕದಾಗಿ ಕಾಣುತ್ತದೆ, ಅದರ ಮೇಲೆ ಸ್ಕೇಲ್ ಇಟ್ಟು ಅಳತೆ ತೆಗೆಯಲು ಆಗುವುದಿಲ್ಲ.

ಐಸೋಮೆಟ್ರಿಕ್ ಚಿತ್ರವೂ, ಅಂದರೆ ಮೂರು ಮುಖವೂ ಒಟ್ಟಿಗೆ ಕಾಣುವ ಹಾಗೆ ಓರೆಯಾಗಿ ಬರೆದದ್ದೂ, ಅಷ್ಟೇ. ನೋಡಲು ಚೆನ್ನಾಗಿರುತ್ತದೆ, ವಸ್ತು ಹೇಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಆದರೆ ಅದರಲ್ಲಿ 90 ಡಿಗ್ರಿಯ ಮೂಲೆ ಒಂದು ಕಡೆ 120 ಡಿಗ್ರಿಯಾಗಿ, ಇನ್ನೊಂದು ಕಡೆ 60 ಡಿಗ್ರಿಯಾಗಿ ಕಾಣುತ್ತದೆ. ದುಂಡು ತೂತು ಮೊಟ್ಟೆಯಾಕಾರ ಆಗುತ್ತದೆ. ಹಾಗಾಗಿ ತಯಾರಿಸುವವನ ಕೈಗೆ ಕೊಡುವ ಡ್ರಾಯಿಂಗ್‌ನಲ್ಲಿ ವಸ್ತುವನ್ನು ಒಂದೊಂದು ಕಡೆಯಿಂದ ನೇರವಾಗಿ ನೋಡಿ, ಆ ಒಂದೊಂದು ನೋಟವನ್ನೂ ಬೇರೆಬೇರೆ ಬರೆಯುತ್ತೇವೆ. ನಮ್ಮ ದೃಷ್ಟಿಯ ಗೆರೆಗಳೆಲ್ಲ ಒಂದಕ್ಕೊಂದು ಸಮಾನಾಂತರ, ಕಾಗದಕ್ಕೆ ಲಂಬ ಅಂತ ಇಟ್ಟುಕೊಂಡು ಬರೆಯುವುದು. ಆಗ ದೂರ ಹತ್ತಿರ ಅನ್ನುವ ವ್ಯತ್ಯಾಸ ಹೋಗುತ್ತದೆ, ಕಾಗದಕ್ಕೆ ಸಮಾನಾಂತರ ಇರುವ ಮುಖ ತನ್ನ ನಿಜ ಅಳತೆಯಲ್ಲೇ ಬರುತ್ತದೆ. ಆರ್ಥೋಗ್ರಾಫಿಕ್ ಪ್ರೊಜೆಕ್ಷನ್ ಅಂದರೆ ಇಷ್ಟೇ.

ಡಿಪ್ಲೊಮಾ, ಐಟಿಐ, ಇಂಜಿನಿಯರಿಂಗ್ ಮೊದಲ ವರ್ಷದ ಮಕ್ಕಳಲ್ಲಿ ತುಂಬ ಜನ ಈ ಪಾಠವನ್ನು ಮೂರು ಬೇರೆಬೇರೆ ಚಿತ್ರ ಅಂದುಕೊಂಡು ಉರು ಹೊಡೆಯುತ್ತಾರೆ. ಅಲ್ಲೇ ದಾರಿ ತಪ್ಪುವುದು. ಮೂರು ಚಿತ್ರ ಅಲ್ಲ ಅದು, ಒಂದೇ ವಸ್ತು. ಒಂದು ನೋಟದ ಪ್ರತಿ ಗೆರೆಗೂ ಇನ್ನೆರಡು ನೋಟದಲ್ಲಿ ಅದರ ಜೋಡಿ ಇದ್ದೇ ಇರುತ್ತದೆ. ಆ ಜೋಡಿಯನ್ನು ಹುಡುಕುವ ಅಭ್ಯಾಸ ಬಂದರೆ ಉಳಿದದ್ದೆಲ್ಲ ಸಲೀಸು. ಈ ಲೇಖನ ಪೂರ್ತಿ ಅದರ ಬಗ್ಗೆಯೇ.

ಮೊದಲು ಒಂದು ರಟ್ಟಿನ ಡಬ್ಬ ಕತ್ತರಿಸಿ

ಸುಮ್ನೆ ಓದಿಕೊಂಡು ಹೋಗಬೇಡಿ, ಇದನ್ನು ಮಾಡಿ ನೋಡಿ. ಒಂದು ರಟ್ಟಿನ ಡಬ್ಬ ತಗೊಂಡು ಮೂರು ಮುಖ ಮಾತ್ರ ಉಳಿಸಿಕೊಳ್ಳಿ: ಹಿಂದಿನ ಗೋಡೆ, ನೆಲ, ಮತ್ತು ನಿಮ್ಮ ಎಡಗಡೆಯ ಗೋಡೆ. ಉಳಿದದ್ದನ್ನು ಕತ್ತರಿಸಿ ತೆಗೆಯಿರಿ. ಹಿಂದಿನ ಗೋಡೆಯ ಮೇಲೆ ವಿಪಿ (ವರ್ಟಿಕಲ್ ಪ್ಲೇನ್) ಅಂತ, ನೆಲದ ಮೇಲೆ ಎಚ್‌ಪಿ (ಹಾರಿಜಾಂಟಲ್ ಪ್ಲೇನ್) ಅಂತ, ಎಡಗೋಡೆಯ ಮೇಲೆ ಪಿಪಿ (ಪ್ರೊಫೈಲ್ ಪ್ಲೇನ್) ಅಂತ ಬರೆಯಿರಿ. ಹಿಂದಿನ ಗೋಡೆ ಮತ್ತು ನೆಲ ಸೇರುವ ಅಂಚೇ ನಿಮ್ಮ ಪುಸ್ತಕದಲ್ಲಿ ಬರುವ ಎಕ್ಸ್‌ವೈ ಗೆರೆ.

ಈಗ ಆ ಮೂಲೆಯಲ್ಲಿ ಒಂದು ಸಣ್ಣ ವಸ್ತು ಇಡಿ. ಗೋಡೆಗೂ ನೆಲಕ್ಕೂ ತಾಗದ ಹಾಗೆ ಇದ್ದರೆ ಒಳ್ಳೆಯದು, ಕೆಳಗೆ ಒಂದು ರಬ್ಬರ್ ತುಂಡು ಕೊಡಿ. ಮುಂದಿನಿಂದ ನೇರವಾಗಿ ನೋಡಿದರೆ ವಸ್ತುವಿನ ಆಕಾರ ಹಿಂದಿನ ಗೋಡೆಯ ಮೇಲೆ ಬೀಳುತ್ತದೆ. ಅದು ಫ್ರಂಟ್ ವ್ಯೂ. ಮೇಲಿನಿಂದ ನೋಡಿದರೆ ನೆಲದ ಮೇಲೆ ಬೀಳುತ್ತದೆ, ಅದು ಟಾಪ್ ವ್ಯೂ, ಪ್ಲಾನ್ ಅಂತಲೂ ಹೇಳುತ್ತಾರೆ. ಬಲಗಡೆಯಿಂದ ನೋಡಿದರೆ ಎಡಗೋಡೆಯ ಮೇಲೆ ಬೀಳುತ್ತದೆ, ಅದು ಬಲದ ಸೈಡ್ ವ್ಯೂ.

ಮೂರನ್ನೂ ಪೆನ್ಸಿಲ್‌ನಲ್ಲಿ ಗೋಡೆ ನೆಲದ ಮೇಲೇ ಗೀಚಿ, ವಸ್ತುವನ್ನು ಹೊರಗೆ ತೆಗೆದು, ಡಬ್ಬವನ್ನು ಬಿಡಿಸಿ. ಹಿಂದಿನ ಗೋಡೆ ಹಾಗೇ ನಿಲ್ಲಲಿ. ನೆಲದ ಮುಂದಿನ ಅಂಚನ್ನು ಕೆಳಕ್ಕೆ ಬಗ್ಗಿಸಿ. ಎಡಗೋಡೆಯನ್ನು ಎಡಕ್ಕೆ ತೆರೆಯಿರಿ. ಈಗ ಮೂರೂ ಒಂದೇ ಸಮತಲದಲ್ಲಿವೆ. ಟಾಪ್ ವ್ಯೂ ಫ್ರಂಟ್ ವ್ಯೂನ ಕೆಳಗೆ ಬಂತು. ಬಲಗಡೆಯಿಂದ ನೋಡಿದ್ದು ಎಡಕ್ಕೆ ಬಂತು. "ಸರ್, ಮೇಲಿಂದ ನೋಡಿದ್ದನ್ನು ಯಾಕೆ ಕೆಳಗೆ ಬರೀಬೇಕು?" ಅಂತ ಪ್ರತಿ ವರ್ಷ ಯಾರಾದರೂ ಕೇಳುವ ಪ್ರಶ್ನೆಗೆ ಉತ್ತರ ಇದೇ. ನೋಡುವವರು, ವಸ್ತು, ಕಾಗದ, ಈ ಕ್ರಮದಲ್ಲಿ ಇಟ್ಟರೆ ನೋಟ ವಸ್ತುವಿನ ಆಚೆ ಬದಿಗೆ ಬೀಳುತ್ತದೆ. ಇದಕ್ಕೆ ಫಸ್ಟ್ ಆಂಗಲ್ ಪ್ರೊಜೆಕ್ಷನ್ ಅಂತ ಹೆಸರು. ಭಾರತದಲ್ಲಿ ನಾವು ಬಳಸುವುದು ಇದನ್ನೇ. ಶಾಲಾ ಕಾಲೇಜುಗಳಿಗೆ ಅಂತಲೇ ಭಾರತೀಯ ಮಾನಕ ಬ್ಯೂರೋ ಹೊರತಂದ ಎಸ್‌ಪಿ 46 ಅನ್ನುವ ಕೈಪಿಡಿ ಇದೆ, 2003ರಲ್ಲಿ ಪರಿಷ್ಕರಿಸಿದ್ದು. ಗೆರೆಯ ದಪ್ಪದಿಂದ ಹಿಡಿದು ಅಳತೆ ಬರೆಯುವ ರೀತಿಯವರೆಗೆ ಯಾವುದೇ ಗೊಂದಲ ಬಂದರೂ ಅದನ್ನೇ ತೆಗೆದು ನೋಡಿ.

ಬಿಡಿಸಿದ ಡಬ್ಬವನ್ನು ಇನ್ನೊಂದು ಸಲ ಗಮನಿಸಿ. ವಸ್ತುವಿನ ಹಿಂಭಾಗ ಹಿಂದಿನ ಗೋಡೆಗೆ ಹತ್ತಿರ ಇತ್ತು, ಅಲ್ವಾ? ಹಾಗಾಗಿ ಟಾಪ್ ವ್ಯೂನಲ್ಲಾಗಲಿ ಸೈಡ್ ವ್ಯೂನಲ್ಲಾಗಲಿ, ಫ್ರಂಟ್ ವ್ಯೂಗೆ ಹತ್ತಿರ ಇರುವ ಅಂಚು ವಸ್ತುವಿನ ಹಿಂಭಾಗ, ದೂರ ಇರುವ ಅಂಚು ಮುಂಭಾಗ. ಈ ಒಂದು ಮಾತನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ಎಡ ಬಲ ಹಿಂದೆ ಮುಂದೆ ಅದಲುಬದಲಾಗುವುದು ಇದರಿಂದಲೇ ನಿಲ್ಲುತ್ತದೆ.

ಈ ಲೆಕ್ಕಾಚಾರಕ್ಕೆ ಶಾಸ್ತ್ರದ ರೂಪ ಕೊಟ್ಟವರು ಫ್ರಾನ್ಸಿನ ಗಣಿತಜ್ಞ ಗಾಸ್ಪಾರ್ ಮಾಂಜ್, 1746ರಿಂದ 1818ರವರೆಗೆ ಬದುಕಿದ್ದವರು. ಮೆಜಿಯೇರ್ ಎಂಬ ಊರಿನ ಸೈನಿಕ ಶಾಲೆಯಲ್ಲಿ ಕೋಟೆಯ ವಿನ್ಯಾಸದ ಕೆಲಸ ಮಾಡುವಾಗ, ಉದ್ದುದ್ದ ಲೆಕ್ಕ ಹಾಕುವ ಬದಲು ಗೆರೆ ಎಳೆದೇ ಉತ್ತರ ತೆಗೆಯುವ ವಿಧಾನವನ್ನು ಅವರು ಕಂಡುಕೊಂಡರು. ಸೈನ್ಯದವರು ಅದನ್ನು ಬಹಳ ಕಾಲ ಗುಟ್ಟಾಗಿ ಇಟ್ಟಿದ್ದರು. ಪುಸ್ತಕವಾಗಿ ಬಂದದ್ದು 1799ರಲ್ಲಿ. ಅದಕ್ಕೆ ಮೊದಲೂ ಕಲ್ಲು ಕೆತ್ತುವವರು, ಕಟ್ಟಡ ಕಟ್ಟುವವರು ಪ್ಲಾನ್ ಮತ್ತು ಎದುರಿನ ನೋಟ ಬರೆಯುತ್ತಿದ್ದರು, ಆದರೆ ಎರಡನ್ನೂ ಒಂದೇ ನಿಯಮಕ್ಕೆ ಕಟ್ಟಿ ಎಲ್ಲರೂ ಕಲಿಯುವ ಹಾಗೆ ಮಾಡಿದ್ದು ಮಾಂಜ್.

ಬ್ರಾಕೆಟ್ ಬರೆಯೋಣ

ಮೋಟಾರ್ ಸ್ಟ್ಯಾಂಡಿಗೆ ಹಾಕುವಂಥ ಒಂದು ಎಲ್ ಆಕಾರದ ಬ್ರಾಕೆಟ್ ಅಂದುಕೊಳ್ಳಿ. ಅಳತೆ ಎಲ್ಲ ಮಿಲಿಮೀಟರ್‌ನಲ್ಲಿ. ಕೆಳಗಿನ ಪ್ಲೇಟ್ ಎಡದಿಂದ ಬಲಕ್ಕೆ 80, ಮುಂದಿನಿಂದ ಹಿಂದಕ್ಕೆ 50, ದಪ್ಪ 12. ಎಡತುದಿಯಲ್ಲಿ ನೆಟ್ಟಗೆ ನಿಂತ ಇನ್ನೊಂದು ಪ್ಲೇಟ್, ಅದರ ದಪ್ಪವೂ 12, ನೆಲದಿಂದ ಒಟ್ಟು ಎತ್ತರ 60, ಅಗಲ ಅದೇ 50. ಕೆಳಗಿನ ಪ್ಲೇಟಿನಲ್ಲಿ ಮೇಲಿಂದ ಕೆಳಕ್ಕೆ 20 ವ್ಯಾಸದ ತೂತು, ಅದರ ನಡುಬಿಂದು ಎಡ ಅಂಚಿನಿಂದ 50, ಮುಂದಿನ ಅಂಚಿನಿಂದ 25. ನಿಂತ ಪ್ಲೇಟಿನಲ್ಲಿ ಅಡ್ಡಲಾಗಿ 16 ವ್ಯಾಸದ ತೂತು, ಅದರ ನಡು ನೆಲದಿಂದ 40 ಎತ್ತರದಲ್ಲಿ, ಅಗಲದ ಸರಿಯಾಗಿ ಮಧ್ಯೆ. ಕೊನೆಗೆ, ಕೆಳಗಿನ ಪ್ಲೇಟಿನ ಬಲ ಮುಂದಿನ ಮೂಲೆಯನ್ನು 10ಕ್ಕೆ 10ರಂತೆ ಓರೆಯಾಗಿ ಕತ್ತರಿಸಿದೆ. ಈ ಕತ್ತರಿಸಿದ ಮೂಲೆಯನ್ನು ಮರೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಯಾವ ಕಡೆಯನ್ನು ಫ್ರಂಟ್ ಅಂತ ಇಟ್ಟುಕೊಳ್ಳಬೇಕು? ವಸ್ತುವಿನ ಆಕಾರ ಜಾಸ್ತಿ ತಿಳಿಯುವ ಕಡೆಯನ್ನು. ಇಲ್ಲಿ ಎಲ್ ಆಕಾರ ಎದ್ದು ಕಾಣುವ ಬದಿ. ಪರೀಕ್ಷೆಯಲ್ಲಾದರೆ ಬಾಣದ ಗುರುತು ಕೊಟ್ಟಿರುತ್ತಾರೆ, ಅದನ್ನೇ ಹಿಡಿಯಿರಿ.

ಸೈಡ್ ವ್ಯೂ ಯಾವ ಕಡೆಯದು? ಕಾಲೇಜಿನಲ್ಲಿ ಎಡಗಡೆಯದನ್ನು ಕೇಳುವುದು ಜಾಸ್ತಿ. ನಮ್ಮ ಬ್ರಾಕೆಟ್ಟಿಗೆ ಅದು ಸರಿ ಹೋಗುವುದಿಲ್ಲ. ಎಡಗಡೆಯಿಂದ ನೋಡಿದರೆ ನಿಂತ ಪ್ಲೇಟ್ ಎಲ್ಲವನ್ನೂ ಮರೆ ಮಾಡುತ್ತದೆ. ಕೆಳಗಿನ ಪ್ಲೇಟಿನ ಮೇಲ್ಮೈ, ಅದರ ತೂತು, ಕತ್ತರಿಸಿದ ಮೂಲೆ, ಎಲ್ಲವನ್ನೂ ತುಂಡುಗೆರೆಯಲ್ಲಿ, ಅಂದರೆ ಮರೆಯಾದ ಅಂಚನ್ನು ತೋರಿಸುವ ತುಂಡುತುಂಡು ಗೆರೆಯಲ್ಲಿ ಹಾಕಬೇಕು. ಬಲಗಡೆಯಿಂದ ನೋಡಿದರೆ ಕೆಳಪ್ಲೇಟಿನ ತೂತು ಒಂದು ಬಿಟ್ಟು ಉಳಿದದ್ದೆಲ್ಲ ಕಣ್ಣಿಗೆ ಕಾಣುತ್ತದೆ. ಮರೆಯ ಗೆರೆ ಕಡಿಮೆ ಬರುವ ಕಡೆಯನ್ನೇ ಆರಿಸಿ, ಓದುವವರಿಗೆ ಅದು ದೊಡ್ಡ ಉಪಕಾರ.

ಎ3 ಹಾಳೆ ತಗೊಳ್ಳಿ, 420ಕ್ಕೆ 297 ಮಿ.ಮೀ. ಎಡಗಡೆ 20, ಉಳಿದ ಮೂರು ಕಡೆ 10 ಬಿಟ್ಟು ಚೌಕಟ್ಟು ಹಾಕಿ. ನೋಟಗಳ ನಡುವೆ 40 ಬಿಡೋಣ. ಅಡ್ಡಕ್ಕೆ ಸೈಡ್ ವ್ಯೂ 50, ಜಾಗ 40, ಫ್ರಂಟ್ ವ್ಯೂ 80, ಒಟ್ಟು 170. ಉದ್ದಕ್ಕೆ ಫ್ರಂಟ್ ವ್ಯೂ 60, ಜಾಗ 40, ಟಾಪ್ ವ್ಯೂ 50, ಒಟ್ಟು 150. ಎಷ್ಟು ಗಾತ್ರದ ವಸ್ತುವೋ ಅಷ್ಟೇ ಗಾತ್ರದಲ್ಲಿ, ಅಂದರೆ 1:1 ಸ್ಕೇಲ್‌ನಲ್ಲಿ ಬರೆದರೂ ಅಳತೆ ಹಾಕಲು ಧಾರಾಳ ಜಾಗ ಉಳಿಯುತ್ತದೆ. ಈ ಕೂಡುವ ಲೆಕ್ಕವನ್ನು ಪೆನ್ಸಿಲ್ ಮುಟ್ಟುವ ಮೊದಲೇ ಮಾಡಿ. ಅರ್ಧ ಬರೆದ ಮೇಲೆ ಟಾಪ್ ವ್ಯೂ ಚೌಕಟ್ಟಿನ ಹೊರಗೆ ಹೋಗುತ್ತಿದೆ ಅಂತ ಗೊತ್ತಾದರೆ ಇಡೀ ಹಾಳೆ ಹಾಳು.

ಮೊದಲು ಎಕ್ಸ್‌ವೈ ಗೆರೆಯನ್ನು ಅಡ್ಡಕ್ಕೆ, ಪಿಪಿಯ ಗೆರೆಯನ್ನು (ಹಿಂದಿನ ಗೋಡೆಯೂ ಎಡಗೋಡೆಯೂ ಸೇರುವ ಅಂಚು) ನೆಟ್ಟಗೆ, ಎರಡನ್ನೂ 2ಎಚ್ ಪೆನ್ಸಿಲ್‌ನಲ್ಲಿ ತೆಳುವಾಗಿ ಎಳೆಯಿರಿ. ಎಕ್ಸ್‌ವೈಯಿಂದ 20 ಮೇಲೆ ಮತ್ತು ಪಿಪಿ ಗೆರೆಯಿಂದ 20 ಬಲಕ್ಕೆ ಫ್ರಂಟ್ ವ್ಯೂನ ಎಡ ಕೆಳಮೂಲೆ. ಅಲ್ಲಿಂದ 80ಕ್ಕೆ 60ರ ಆಯತ. ಅದರೊಳಗೆ ಕೆಳಗಿನಿಂದ 12ಕ್ಕೆ ಅಡ್ಡಗೆರೆ, ಎಡದಿಂದ 12ಕ್ಕೆ ನೆಟ್ಟಗೆರೆ. ಎಲ್ ಸಿಕ್ಕಿತು. ನಿಂತ ಪ್ಲೇಟೂ ಮಲಗಿದ ಪ್ಲೇಟೂ ಸೇರುವ ಕಡೆ ಗೆರೆ ಬೇಡ. ಎರಡರ ಮುಂದಿನ ಮುಖವೂ ಒಂದೇ ಮಟ್ಟದಲ್ಲಿದೆ, ಒಂದೇ ಮಟ್ಟದ ಮುಖದ ಮಧ್ಯೆ ಅಂಚು ಇರುವುದಿಲ್ಲ. ಇಲ್ಲಿ ಸುಮ್ನೆ ಒಂದು ಗೆರೆ ಎಳೆದು ಅಂಕ ಕಳೆದುಕೊಳ್ಳುವವರು ಬಹಳ.

ಕತ್ತರಿಸಿದ ಮೂಲೆ ಫ್ರಂಟ್ ವ್ಯೂನಲ್ಲಿ ಹೇಗೆ ಕಾಣುತ್ತದೆ? ಎಡದಿಂದ 70ರಲ್ಲಿ ಒಂದು ನೆಟ್ಟಗೆರೆ, 12 ಎತ್ತರದ್ದು. ಅಂಚು ನಮ್ಮ ಎದುರಿಗೇ ಇರುವುದರಿಂದ ದಪ್ಪ ಗೆರೆ. ಕೆಳಪ್ಲೇಟಿನ ತೂತು ಒಳಗಿರುವುದರಿಂದ 40ರಲ್ಲೂ 60ರಲ್ಲೂ ತುಂಡುಗೆರೆ, ನಡುವೆ 50ರಲ್ಲಿ ಸೆಂಟರ್ ಲೈನ್, ಅಂದರೆ ತೂತಿನ ನಡುವನ್ನು ತೋರಿಸುವ ತೆಳು ಗೆರೆ. ನಿಂತ ಪ್ಲೇಟಿನ ತೂತಿಗೆ 32 ಮತ್ತು 48ರ ಎತ್ತರದಲ್ಲಿ ಅಡ್ಡ ತುಂಡುಗೆರೆ, 40ರಲ್ಲಿ ಸೆಂಟರ್ ಲೈನ್.

ಟಾಪ್ ವ್ಯೂಗೆ ಹೊಸದಾಗಿ ಅಳೆಯಬೇಡಿ. ಇದು ಮುಖ್ಯ. ಫ್ರಂಟ್ ವ್ಯೂನ ಪ್ರತಿ ನೆಟ್ಟಗೆರೆಯನ್ನೂ ತೆಳುವಾಗಿ ಕೆಳಕ್ಕೆ ಇಳಿಸಿ. ಎಡ ಬಲದ ಅಳತೆಯೆಲ್ಲ ತಾನಾಗಿಯೇ ಇಳಿದು ಬರುತ್ತದೆ. ಮುಂದೆ ಹಿಂದೆಯ ಅಳತೆ ಮಾತ್ರ ಹೊಸದು. ಎಕ್ಸ್‌ವೈಯಿಂದ 20 ಕೆಳಗೆ ವಸ್ತುವಿನ ಹಿಂದಿನ ಅಂಚು, 70 ಕೆಳಗೆ ಮುಂದಿನ ಅಂಚು. 12ರಲ್ಲಿ ನಿಂತ ಪ್ಲೇಟಿನ ಅಂಚಿನ ಗೆರೆ. ತೂತು ಇಲ್ಲಿ ಪೂರ್ತಿ ವೃತ್ತವಾಗಿ ಕಾಣುತ್ತದೆ, ಎರಡು ಸೆಂಟರ್ ಲೈನ್ ಹಾಕಿ ಕಂಪಾಸ್ ತಿರುಗಿಸಿ. ಕತ್ತರಿಸಿದ ಮೂಲೆ ಬಲಗಡೆ, ಕೆಳಗಡೆ ಬರುತ್ತದೆ, ಯಾಕೆಂದರೆ ಮುಂಭಾಗ ಅಂದರೆ ಎಕ್ಸ್‌ವೈಯಿಂದ ದೂರ. ನಿಂತ ಪ್ಲೇಟಿನ ತೂತು ಇಲ್ಲಿ ಕಾಣಿಸುವುದಿಲ್ಲ, ಹಿಂದಿನ ಅಂಚಿನಿಂದ 17 ಮತ್ತು 33ರಲ್ಲಿ ಎರಡು ತುಂಡುಗೆರೆ.

ಸೈಡ್ ವ್ಯೂಗೂ ಅಳೆಯುವ ಕೆಲಸ ಹೆಚ್ಚುಕಮ್ಮಿ ಇಲ್ಲ. ಎತ್ತರಗಳನ್ನು ಫ್ರಂಟ್ ವ್ಯೂನಿಂದ ಅಡ್ಡಕ್ಕೆ ಎಡಕ್ಕೆ ಎಳೆಯಿರಿ. ಮುಂದೆ ಹಿಂದೆಯ ಅಳತೆ ಟಾಪ್ ವ್ಯೂನಿಂದ ತರಬೇಕು. ಅದಕ್ಕೆ ಎಕ್ಸ್‌ವೈಯೂ ಪಿಪಿ ಗೆರೆಯೂ ಕೂಡುವ ಬಿಂದುವಿನಿಂದ ಎಡ ಕೆಳಕ್ಕೆ 45 ಡಿಗ್ರಿಯಲ್ಲಿ ಒಂದು ಗೆರೆ ಎಳೆಯಿರಿ, ಇದನ್ನು ಮೈಟರ್ ಲೈನ್ ಅನ್ನುತ್ತಾರೆ. ಟಾಪ್ ವ್ಯೂನ ಅಂಚುಗಳನ್ನು ಎಡಕ್ಕೆ ಎಳೆದು ಮೈಟರ್ ಲೈನಿಗೆ ಮುಟ್ಟಿಸಿ, ಮುಟ್ಟಿದ ಕಡೆಯಿಂದ ನೆಟ್ಟಗೆ ಮೇಲಕ್ಕೆ ಹತ್ತಿಸಿ. ಎತ್ತರದ ಗೆರೆಗಳೂ ಇವೂ ಕತ್ತರಿಸುವ ಜಾಗದಲ್ಲಿ ಸೈಡ್ ವ್ಯೂ ತಾನಾಗಿ ಹುಟ್ಟುತ್ತದೆ. 50ಕ್ಕೆ 60ರ ಆಯತ, 12ರ ಎತ್ತರದಲ್ಲಿ ಅಡ್ಡ ದಪ್ಪ ಗೆರೆ, ಮೇಲೆ 16ರ ವೃತ್ತ, ಕೆಳಗೆ ಎಡತುದಿಯಿಂದ 10ರಲ್ಲಿ ಕತ್ತರಿಸಿದ ಮೂಲೆಯ ಸಣ್ಣ ನೆಟ್ಟಗೆರೆ, 15 ಮತ್ತು 35ರಲ್ಲಿ ಕೆಳತೂತಿನ ತುಂಡುಗೆರೆ. ಎಡತುದಿ ಯಾಕೆ? ಈ ನೋಟದಲ್ಲಿ ಫ್ರಂಟ್ ವ್ಯೂನಿಂದ ದೂರದ ಅಂಚು ಎಡತುದಿ, ಅದೇ ವಸ್ತುವಿನ ಮುಂಭಾಗ. ಮೊದಲೇ ಬರೆದಿಟ್ಟುಕೊಂಡ ಮಾತು.

ಈಗ ಕತ್ತರಿಸಿದ ಓರೆ ಮುಖದ ಮೇಲೆ ಸ್ವಲ್ಪ ನಿಲ್ಲಿ. ಟಾಪ್ ವ್ಯೂನಲ್ಲಿ ಅದು ಬರೀ ಒಂದು ಓರೆ ಗೆರೆ. ಫ್ರಂಟ್ ವ್ಯೂನಲ್ಲಿ 10 ಅಗಲ 12 ಎತ್ತರದ ಆಯತ. ಸೈಡ್ ವ್ಯೂನಲ್ಲೂ 10ಕ್ಕೆ 12. ನಿಜವಾಗಿ ಆ ಮುಖದ ಅಗಲ 10 ಅಲ್ಲ, 14.14. ಮೂರೂ ನೋಟದಲ್ಲಿ ಎಲ್ಲೂ ಅದರ ನಿಜ ಆಕಾರ ಇಲ್ಲ. ಕಾಗದಕ್ಕೆ ಸಮಾನಾಂತರ ಇದ್ದರೆ ನಿಜ ಆಕಾರ, ಲಂಬ ಇದ್ದರೆ ಬರೀ ಗೆರೆ, ಓರೆ ಇದ್ದರೆ ಕುಗ್ಗಿದ ಆಕಾರ. ಪ್ರತಿ ಮುಖವನ್ನೂ ಈ ಮೂರರಲ್ಲಿ ಯಾವುದು ಅಂತ ಕೇಳಿಕೊಳ್ಳಿ. ಆ ಓರೆ ಮುಖದಲ್ಲಿ ಒಂದು ತೂತು ಕೊರೆಯಬೇಕು ಅಂತ ಬಂದರೆ ಮೂರು ನೋಟ ಸಾಲದು, ಆ ಮುಖಕ್ಕೆ ಲಂಬವಾಗಿ ನೋಡಿದ ಇನ್ನೊಂದು ನೋಟ ಬೇಕಾಗುತ್ತದೆ. ಅದಕ್ಕೆ ಆಕ್ಸಿಲಿಯರಿ ವ್ಯೂ ಅಂತ ಹೆಸರು. ಅದು ಬೇರೆಯೇ ಪಾಠ.

ಎಲ್ಲ ಸರಿ ಬಂದಿದೆ ಅಂತ ಖಾತ್ರಿಯಾದ ಮೇಲೆ ಕಾಣುವ ಅಂಚುಗಳನ್ನು ಎಚ್ ಅಥವಾ ಎಚ್‌ಬಿ ಪೆನ್ಸಿಲ್‌ನಲ್ಲಿ ದಪ್ಪ ಮಾಡಿ. ತೆಳುವಾದ ಪ್ರೊಜೆಕ್ಷನ್ ಗೆರೆಗಳನ್ನು ಅಳಿಸಬೇಕಿಲ್ಲ, ನೀವು ಹೇಗೆ ಬಂದಿರಿ ಅಂತ ನೋಡುವವರಿಗೆ ಗೊತ್ತಾಗಲಿ. ಒಂದರ ಮೇಲೊಂದು ಗೆರೆ ಬಿದ್ದರೆ ಕಾಣುವ ಅಂಚಿಗೆ ಮೊದಲ ಹಕ್ಕು, ಆಮೇಲೆ ಮರೆಯ ತುಂಡುಗೆರೆ, ಕೊನೆಗೆ ಸೆಂಟರ್ ಲೈನ್. ಅಳತೆಯನ್ನು ಒಂದು ಸಲ ಮಾತ್ರ ಹಾಕಿ, ಎರಡು ನೋಟದಲ್ಲಿ ಎರಡು ಸಲ ಬೇಡ. ತೂತಿನ ವ್ಯಾಸವನ್ನು ಅದು ವೃತ್ತವಾಗಿ ಕಾಣುವ ನೋಟದಲ್ಲೇ ಬರೆಯಿರಿ, ತುಂಡುಗೆರೆಯಿಂದ ಅಳತೆ ತೆಗೆಯುವುದು ಬೇಡ. ತೂತು ಎಲ್ಲಿದೆ ಅಂತ ಹೇಳುವಾಗ ಅದರ ಅಂಚಿಗಲ್ಲ, ನಡುಬಿಂದುವಿಗೆ ಅಳತೆ ಕೊಡಿ. ಡ್ರಿಲ್ ಹಿಡಿಯುವವನು ಪಂಚ್ ಹೊಡೆಯುವುದು ಅಲ್ಲಿಗೇ.

ಮಳೆಗಾಲದಲ್ಲಿ ಕಲಿಯುತ್ತಿದ್ದರೆ ಒಂದು ಮಾತು. ಜೂನ್ ಜುಲೈನಲ್ಲಿ ನಮ್ಮಲ್ಲಿ ಹಾಳೆ ತೇವ ಎಳೆದುಕೊಂಡು ಮೆತ್ತಗಾಗುತ್ತದೆ, 2ಎಚ್ ಪೆನ್ಸಿಲ್ ಗೆರೆ ಎಳೆಯುವ ಬದಲು ಗೀರು ಹಾಕುತ್ತದೆ, ರಬ್ಬರ್ ಉಜ್ಜಿದರೆ ಮೇಲಿನ ಪದರ ಏಳುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಮುಚ್ಚಳ ಹಾಕಿ ಇಡಿ, ಕೈ ಹಗುರ ಮಾಡಿ. ಬೋರ್ಡಿಗೆ ಹಚ್ಚಿದ ಹಾಳೆಯನ್ನು ರಾತ್ರಿಯಿಡೀ ಹಾಗೇ ಬಿಟ್ಟು ಬೆಳಗ್ಗೆ ಮುಂದುವರಿಸುವುದಾದರೆ ಡ್ರಾಫ್ಟರ್ (ಬೋರ್ಡಿಗೆ ಕಚ್ಚಿಸುವ ಗೆರೆ ಎಳೆಯುವ ಸಾಧನ) ಇಟ್ಟು ಎಕ್ಸ್‌ವೈ ಗೆರೆ ಇನ್ನೂ ನೇರ ಇದೆಯಾ ಅಂತ ಮೊದಲು ನೋಡಿ.

ಬೇರೆಯವರ ಡ್ರಾಯಿಂಗ್ ಓದುವುದು

ಬರೆಯುವುದಕ್ಕಿಂತ ಓದುವುದು ಕಷ್ಟ ಅಂತ ನನ್ನ ಅಭಿಪ್ರಾಯ, ಮತ್ತು ಕೆಲಸಕ್ಕೆ ಸೇರಿದ ಮೇಲೆ ಜಾಸ್ತಿ ಮಾಡುವುದು ಓದುವ ಕೆಲಸವನ್ನೇ. ಹೊಸ ಡ್ರಾಯಿಂಗ್ ಕೈಗೆ ಬಂದರೆ ನೋಟಗಳ ಮೇಲೆ ಕಣ್ಣು ಹಾಯಿಸುವ ಮೊದಲು ಬಲ ಕೆಳಮೂಲೆಯ ಟೈಟಲ್ ಬ್ಲಾಕ್, ಅಂದರೆ ಡ್ರಾಯಿಂಗಿನ ಹೆಸರು ವಿವರ ಬರೆದ ಚೌಕ ನೋಡಿ. ಅಲ್ಲಿ ಒಂದು ಸಣ್ಣ ಗುರುತು ಇರುತ್ತದೆ, ತುದಿ ಕತ್ತರಿಸಿದ ಶಂಕುವಿನ ಎರಡು ನೋಟ: ಒಂದು ಕಡೆ ಓರೆ ಬದಿಯ ಆಕಾರ, ಪಕ್ಕದಲ್ಲಿ ಒಂದರೊಳಗೊಂದು ಎರಡು ವೃತ್ತ. ವೃತ್ತಗಳು ಶಂಕುವಿನ ದೊಡ್ಡ ತುದಿಯ ಪಕ್ಕ ಇದ್ದರೆ ಫಸ್ಟ್ ಆಂಗಲ್. ಸಣ್ಣ ತುದಿಯ ಪಕ್ಕ ಇದ್ದರೆ ಥರ್ಡ್ ಆಂಗಲ್.

ಥರ್ಡ್ ಆಂಗಲ್‌ನಲ್ಲಿ ಕಾಗದ ನೋಡುವವರಿಗೂ ವಸ್ತುವಿಗೂ ಮಧ್ಯೆ ಇರುತ್ತದೆ, ಗಾಜಿನ ಪೆಟ್ಟಿಗೆಯೊಳಗೆ ವಸ್ತು ಇಟ್ಟು ಗಾಜಿನ ಮೇಲೇ ಬರೆದ ಹಾಗೆ. ಬಿಡಿಸಿದಾಗ ಮೇಲಿನ ನೋಟ ಮೇಲೇ, ಬಲದ ನೋಟ ಬಲಕ್ಕೇ ಬರುತ್ತದೆ. ಫ್ರಂಟ್ ವ್ಯೂಗೆ ಹತ್ತಿರದ ಅಂಚು ವಸ್ತುವಿನ ಮುಂಭಾಗ ಆಗುತ್ತದೆ, ಫಸ್ಟ್ ಆಂಗಲ್‌ಗೆ ಪೂರ್ತಿ ಉಲ್ಟಾ. ಅಮೆರಿಕ, ಜಪಾನ್ ಕಡೆ ಇದೇ ರೂಢಿ. ಹಾಗಾಗಿ ಅಲ್ಲಿಂದ ಬಂದ ಯಂತ್ರದ ಡ್ರಾಯಿಂಗ್ ನೋಡುವಾಗ ಗುರುತು ನೋಡದೆ ಮುಂದೆ ಹೋಗಬೇಡಿ. ವಿಪಿ, ಎಚ್‌ಪಿ ಒಂದನ್ನೊಂದು ಕತ್ತರಿಸಿದರೆ ಆಗುವ ನಾಲ್ಕು ಮೂಲೆಗಳಲ್ಲಿ ಎರಡನೆಯ, ನಾಲ್ಕನೆಯ ಆಂಗಲ್ ಯಾಕೆ ಬಳಸುವುದಿಲ್ಲ ಅಂತ ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆ) ಕೇಳುತ್ತಾರೆ: ಬಿಡಿಸಿದಾಗ ಫ್ರಂಟ್ ವ್ಯೂ ಮತ್ತು ಟಾಪ್ ವ್ಯೂ ಎರಡೂ ಎಕ್ಸ್‌ವೈಯ ಒಂದೇ ಬದಿಗೆ ಬಂದು ಒಂದರ ಮೇಲೊಂದು ಬೀಳುತ್ತವೆ, ಓದಲು ಆಗುವುದಿಲ್ಲ.

ಗುರುತು ಇಲ್ಲದ ಡ್ರಾಯಿಂಗ್ ಬಂದರೆ ಏನು ಮಾಡುವುದು? ಬರುತ್ತವೆ, ತುಂಬ ಬರುತ್ತವೆ. ಆಗ ನಮ್ಮ ಬ್ರಾಕೆಟ್ಟಿನ ಹಾಗೆ ಎಲ್ಲಾದರೂ ಮುಂದೆ ಹಿಂದೆ ವ್ಯತ್ಯಾಸ ಇರುವ ಒಂದು ಗುರುತು ಹುಡುಕಿ. ನಾವು ಬರೆದ ಹಾಳೆಯನ್ನು ಯಾರಾದರೂ ಥರ್ಡ್ ಆಂಗಲ್ ಅಂದುಕೊಂಡು ಓದಿದರೆ ಅವರಿಗೆ ಕತ್ತರಿಸಿದ ಮೂಲೆ ಬಲ ಹಿಂದಿನ ಮೂಲೆ ಆಗುತ್ತದೆ, ಅಂದರೆ ಕನ್ನಡಿಯಲ್ಲಿ ಕಂಡ ಬ್ರಾಕೆಟ್. ಹಾಗೇ ಕತ್ತರಿಸಿದರೆ ಕಬ್ಬಿಣ ದಂಡ. ಆದರೆ ಎಚ್ಚರದಿಂದ ನೋಡಿದರೆ ಹಾಳೆಯೇ ಉತ್ತರ ಹೇಳುತ್ತದೆ. ಮೂಲೆ ಹಿಂದಿದ್ದಿದ್ದರೆ ಫ್ರಂಟ್ ವ್ಯೂನಲ್ಲಿ 70ರ ಗೆರೆ ತುಂಡುಗೆರೆ ಆಗಬೇಕಿತ್ತು. ಅದು ದಪ್ಪ ಗೆರೆಯಾಗಿದೆ, ಹಾಗಾಗಿ ಮೂಲೆ ಮುಂದಿದೆ, ಹಾಗಾಗಿ ಇದು ಫಸ್ಟ್ ಆಂಗಲ್. ಸೈಡ್ ವ್ಯೂ ಕೂಡ ಇದನ್ನೇ ಹೇಳುತ್ತದೆ: ಎಡಕ್ಕಿರುವ ನೋಟ ಎಡಗಡೆಯಿಂದಲೇ ನೋಡಿದ್ದಾದರೆ ಕೆಳಪ್ಲೇಟಿನ ಮೇಲ್ಮೈ ತುಂಡುಗೆರೆಯಲ್ಲಿ ಇರಬೇಕಿತ್ತು. ತುಂಡುಗೆರೆಯನ್ನು ಸೋಮಾರಿತನದಿಂದ ಬಿಡಬೇಡಿ ಅಂತ ನಾನು ಪದೇಪದೇ ಹೇಳುವುದು ಇದಕ್ಕೇ. ಇಷ್ಟಾದ ಮೇಲೂ ಅನುಮಾನ ಉಳಿದರೆ ಡ್ರಾಯಿಂಗ್ ಕೊಟ್ಟವರಿಗೆ ಫೋನ್ ಮಾಡಿ ಕೇಳಿ, ಊಹೆ ಮೇಲೆ ಗ್ಯಾಸ್ ಕಟರ್ ಹಚ್ಚಬೇಡಿ.

ನೋಟಗಳಿಂದ ಆಕಾರ ಕಣ್ಣಿಗೆ ಬರುತ್ತಿಲ್ಲ ಅಂದರೆ ಮೂಲೆಗಳಿಗೆ 1, 2, 3 ಅಂತ ಅಂಕಿ ಕೊಡಿ. ಟಾಪ್ ವ್ಯೂನ ಒಂದು ಮೂಲೆ ಹಿಡಿದು ನೇರ ಮೇಲಕ್ಕೆ ಫ್ರಂಟ್ ವ್ಯೂಗೆ ಹೋಗಿ, ಅಲ್ಲಿ ಯಾವ ಎತ್ತರಗಳಲ್ಲಿ ಬಿಂದು ಇದೆ ನೋಡಿ, ಅದೇ ಎತ್ತರದಲ್ಲಿ ಸೈಡ್ ವ್ಯೂಗೆ ಹೋಗಿ ಖಾತ್ರಿ ಮಾಡಿ. ನಾಲ್ಕೈದು ಮೂಲೆ ಹೀಗೆ ಹಿಡಿಯುವಷ್ಟರಲ್ಲಿ ವಸ್ತು ಎದ್ದು ನಿಲ್ಲುತ್ತದೆ. ಆಗಲೂ ಬಾರದಿದ್ದರೆ ಕೆತ್ತಿ. ಬಟ್ಟೆ ಸೋಪು ಆಗುತ್ತದೆ, ಬಾಳೆದಿಂಡೂ ಆಗುತ್ತದೆ. ತೋಟದಲ್ಲಿ ಸಿಲ್ವರ್ ಓಕ್ ಕಡಿದಾಗ ಉಳಿಯುವ ತುಂಡುಗಳು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಮೊದಲು ಒಟ್ಟು ಅಳತೆಯ ಪೂರ್ತಿ ಘನ ಮಾಡಿ, ಅದರ ಮೂರು ಮುಖಕ್ಕೂ ಮೂರು ನೋಟ ಗೀಚಿ, ಬೇಡದ್ದನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ.

ಈಗ ಕಾಲೇಜುಗಳಲ್ಲಿ ಕಂಪ್ಯೂಟರಿನಲ್ಲೇ ಬರೆಸುತ್ತಾರೆ, ವಿಟಿಯುನಲ್ಲಂತೂ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಾಠದ ಹೆಸರೇ ಕಂಪ್ಯೂಟರ್ ಏಡೆಡ್ ಇಂಜಿನಿಯರಿಂಗ್ ಡ್ರಾಯಿಂಗ್. ಸಾಲಿಡ್‌ವರ್ಕ್ಸ್ ಆಗಲಿ, ದುಡ್ಡಿಲ್ಲದೆ ಸಿಗುವ ಫ್ರೀಕ್ಯಾಡ್ ಆಗಲಿ, ಮಾಡೆಲ್ ಮಾಡಿಕೊಟ್ಟರೆ ನೋಟಗಳನ್ನು ತಾನೇ ಇಳಿಸಿಕೊಡುತ್ತದೆ. ಆದರೆ ಫಸ್ಟ್ ಆಂಗಲ್ ಬೇಕಾ ಥರ್ಡ್ ಆಂಗಲ್ ಬೇಕಾ ಅಂತ ಆರಿಸುವುದು ನಿಮ್ಮ ಕೈಯಲ್ಲಿದೆ. ಸಾಲಿಡ್‌ವರ್ಕ್ಸ್‌ನಲ್ಲಿ ಅದು ಶೀಟ್ ಪ್ರಾಪರ್ಟೀಸ್ ಒಳಗೆ ಸಿಗುತ್ತದೆ. ಪ್ರಿಂಟ್ ತೆಗೆಯುವ ಮೊದಲು ಅದನ್ನು ನೋಡಿ, ಟೈಟಲ್ ಬ್ಲಾಕಿನ ಗುರುತೂ ಅದಕ್ಕೆ ಹೊಂದುತ್ತದೆಯಾ ಅಂತ ನೋಡಿ.

ಅಭ್ಯಾಸಕ್ಕೆ

ಪುಸ್ತಕದ ಲೆಕ್ಕ ಮಾತ್ರ ಮಾಡಿದರೆ ಕೈ ಪಳಗುವುದಿಲ್ಲ, ಸುತ್ತಮುತ್ತ ಕಂಡದ್ದನ್ನೆಲ್ಲ ಬರೆಯಿರಿ. ಐನ್‌ಮನೆಯ (ಕೊಡವರ ಹಿರಿಯರ ಮನೆ) ಕೈಯ್ಯಾಲೆಯಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ, ಕೆಳಗೆ ದಪ್ಪ, ಮೇಲೆ ಸಣ್ಣ ಆಗುತ್ತಾ ಹೋಗುವ ಚೌಕ ಕಂಬ ಇದ್ದರೆ ಅದರ ಟಾಪ್ ವ್ಯೂ ಬರೆಯಿರಿ: ಒಂದರೊಳಗೊಂದು ಎರಡು ಚೌಕ, ಮೂಲೆಯಿಂದ ಮೂಲೆಗೆ ನಾಲ್ಕು ಓರೆ ಗೆರೆ. ಆ ನಾಲ್ಕು ಗೆರೆ ಬಿಟ್ಟುಬಿಡುವವರೇ ಹೆಚ್ಚು. ಕಂಬಗಳ ನಡುವೆ ಕೂರಲು ಹಾಕಿದ ಐಮರದ ಹಲಗೆಯೂ ಒಳ್ಳೆಯ ಲೆಕ್ಕ. ಮಡಿಕೇರಿಯ ಗದ್ದಿಗೆಗೆ (ಕೊಡಗಿನ ರಾಜರ ಸಮಾಧಿ) ಹೋದರೆ ನಡುವಿನ ಗುಮ್ಮಟ, ಮೂಲೆಗಳ ಮಿನಾರುಗಳನ್ನು ಮೇಲಿನಿಂದ ನೋಡಿದರೆ ಹೇಗಿರಬಹುದು ಅಂತ ಕೆಳಗೆ ನಿಂತೇ ಬರೆಯಲು ನೋಡಿ. ಪಲ್ಪರಿನ ಡ್ರಮ್ ಸಿಲಿಂಡರ್, ಅದಕ್ಕೆ ಎರಡೇ ನೋಟ ಸಾಕು.

ಮೂರನೆಯ ನೋಟ ಯಾವಾಗ ಬೇಕೇ ಬೇಕು ಅಂತ ತಿಳಿಯಲು ಈ ಒಂದು ಲೆಕ್ಕ ಮಾಡಿ. ಫ್ರಂಟ್ ವ್ಯೂ 60 ಅಗಲ 40 ಎತ್ತರದ ಆಯತ, ಅರ್ಧ ಎತ್ತರದಲ್ಲಿ ಒಂದು ಅಡ್ಡ ದಪ್ಪ ಗೆರೆ. ಟಾಪ್ ವ್ಯೂ ಕೂಡ 60ಕ್ಕೆ 40, ಅದರಲ್ಲೂ ನಡುವೆ ಒಂದು ಅಡ್ಡ ದಪ್ಪ ಗೆರೆ. ಎರಡೂ ಒಂದೇ ತರ ಕಾಣುತ್ತವೆ. ವಸ್ತು ಏನು? ಕೆಳಗಿನ ಉತ್ತರ ಓದುವ ಮೊದಲು ಹಾಳೆ ತೆಗೆದು ನಿಮಗೆ ತೋಚಿದಷ್ಟು ಬಲದ ಸೈಡ್ ವ್ಯೂ ಬರೆಯಿರಿ, ಫಸ್ಟ್ ಆಂಗಲ್‌ನಲ್ಲಿ.

ಉತ್ತರ ಒಂದಲ್ಲ, ಕಡಿಮೆ ಅಂದರೆ ಮೂರು. ಮುಂದಿನ ಮೇಲಿನ ಅಂಚಿನಲ್ಲಿ 20ಕ್ಕೆ 20ರ ಮೆಟ್ಟಿಲು ತೆಗೆದಿದ್ದರೆ ಸೈಡ್ ವ್ಯೂ ಎಲ್ ಆಕಾರ. ಅದೇ ಅಂಚನ್ನು ಓರೆಯಾಗಿ ಕತ್ತರಿಸಿದ್ದರೆ 45 ಡಿಗ್ರಿಯ ಗೆರೆ. ಅದೇ ಅಂಚಿನಲ್ಲಿ ಒಳಕ್ಕೆ ಬಾಗಿದ ಕಾಲುವೃತ್ತದ ತೋಡು ಇದ್ದರೆ 20 ತ್ರಿಜ್ಯದ ಕಮಾನು. ಮೂರರಲ್ಲೂ ಸೈಡ್ ವ್ಯೂ ಫ್ರಂಟ್ ವ್ಯೂನ ಎಡಕ್ಕೆ ಬರುತ್ತದೆ, ಕತ್ತರಿಸಿದ ಜಾಗ ಆ ನೋಟದ ಎಡ ಮೇಲ್ಮೂಲೆಯಲ್ಲಿ ಇರಬೇಕು. ನಿಮ್ಮದು ಬಲ ಮೇಲ್ಮೂಲೆಯಲ್ಲಿ ಬಂದಿದ್ದರೆ ರಟ್ಟಿನ ಡಬ್ಬವನ್ನು ಮತ್ತೆ ಮಡಚಿ ಇಟ್ಟು ಎಡಗೋಡೆಯ ಮೇಲೆ ಏನು ಬೀಳುತ್ತದೆ ಅಂತ ನೋಡಿ.